ಆರಾ ಅವರ ವಾಪಸ್ ಬಂದ ಚಿತ್ರ

ಕಳೆದ ಜುಲೈನಲ್ಲಿ ಕ್ಲೈಂಟ್ ಮೀಟಿಂಗ್‌ಗೆಂದು ಪುಣೆಯಿಂದ ಮುಂಬೈಗೆ ಹೋಗಿದ್ದೆ. ಮೀಟಿಂಗ್ ಬೇಗ ಮುಗಿಯಿತು, ಹೊರಗೆ ಜಡಿಮಳೆ. ಕಾಲಾ ಘೋಡಾದಲ್ಲಿ ನೆನೆಯದೆ ನಿಲ್ಲಲು ಜಾಗ ಹುಡುಕುತ್ತ ಜಹಾಂಗೀರ್ ಆರ್ಟ್ ಗ್ಯಾಲರಿಯೊಳಗೆ ನುಗ್ಗಿದೆ. ಒಳಗೆ ಮಾನ್ಸೂನ್ ಶೋ ನಡೆದಿತ್ತು. ಕಲಾ ಕಾಲೇಜುಗಳಿಂದ ಆಗಷ್ಟೇ ಹೊರಬಂದವರ ಕೃತಿಗಳನ್ನು ಆರಿಸಿ ಮಳೆಗಾಲದಲ್ಲಿ ಏರ್ಪಡಿಸುವ ಪ್ರದರ್ಶನ ಅದು. ಒಬ್ಬ ಹುಡುಗ ತನ್ನ ಚಿತ್ರದ ಪಕ್ಕ ಅಪ್ಪ ಅಮ್ಮನನ್ನು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದ. ನೆಲಕ್ಕೆ ನೀರು ತೊಟ್ಟಿಕ್ಕಬಾರದೆಂದು ಅಪ್ಪ ಒದ್ದೆ ಕೊಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಡಿದಿದ್ದರು. ಜತೆಗಿದ್ದ ಗೆಳೆಯನನ್ನು "ನಿನ್ನದು ಯಾವುದಪ್ಪಾ?" ಎಂದು ಹಿಂದಿಯಲ್ಲಿ ಕೇಳಿಬಿಟ್ಟೆ. "ನನ್ನದು ಸೆಲೆಕ್ಟ್ ಆಗಲಿಲ್ಲ ಅಂಕಲ್" ಅಂದ.

ಕೇಳಬಾರದಿತ್ತು.

ಈ ಗ್ಯಾಲರಿಯ ಹಿಂದೆ ನಮ್ಮವರೊಬ್ಬರ ಒತ್ತಾಸೆಯಿದೆ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮತ್ತು ವಿಜ್ಞಾನಿ ಹೋಮಿ ಭಾಭಾ ಬೆನ್ನುಬಿದ್ದಿದ್ದರಿಂದ ಸರ್ ಕಾವಸ್‌ಜಿ ಜಹಾಂಗೀರ್ ಇದನ್ನು ಕಟ್ಟಿಸಿಕೊಟ್ಟರು. ಬಾಗಿಲು ತೆರೆದದ್ದು 1952ರಲ್ಲಿ. ಹೆಬ್ಬಾರರು ನಮ್ಮ ಹಾಗೆಯೇ ಊರು ಬಿಟ್ಟು ಬಂದವರು. ಸರ್ ಜೆ.ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಪಡೆದು, ಮುಂದೆ ಕೆಲವು ವರ್ಷ ಅಲ್ಲೇ ಪಾಠ ಹೇಳಿದರು. ಆ ಕಾಲದ ಮುಂಬೈಯಲ್ಲಿ ಹೊಸ ಕಲಾವಿದನೊಬ್ಬ ಕಣ್ಣಿಗೆ ಬೀಳಬೇಕಾದರೆ ದಾರಿ ಹೆಚ್ಚುಕಡಿಮೆ ಒಂದೇ: 1857ರಲ್ಲಿ ಶುರುವಾದ ಜೆ.ಜೆ.ಯಲ್ಲಿ ಕಲಿಯುವುದು, 1888ರಲ್ಲಿ ಹುಟ್ಟಿದ ಬಾಂಬೆ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನಕ್ಕೆ ಚಿತ್ರ ಕಳಿಸುವುದು, ತೀರ್ಪುಗಾರರು ಏನನ್ನುತ್ತಾರೋ ಎಂದು ಕಾಯುವುದು. ಜೆ.ಜೆ.ಯಲ್ಲೇ ಕಲಿತ ಎಂ.ವಿ. ಧುರಂಧರರಿಗೆ 1895ರಲ್ಲಿ ಅಲ್ಲಿ ಚಿನ್ನದ ಪದಕ ಸಿಕ್ಕಿತು. 1937ರಲ್ಲಿ ಅಮೃತಾ ಶೇರ್‌ಗಿಲ್ ಅವರ 'ತ್ರೀ ಗರ್ಲ್ಸ್' ಚಿತ್ರಕ್ಕೂ ಸಿಕ್ಕಿತು. ಹಾಗಾಗಿ ತೀರ್ಪುಗಾರರೆಲ್ಲ ಕುರುಡರು ಅನ್ನಲಾಗದು.

ಆದರೆ ಕೆ.ಎಚ್. ಆರಾ ಅವರ ಕಥೆ ಬೇರೆ. 1914ರಲ್ಲಿ ಸಿಕಂದರಾಬಾದ್ ಬಳಿಯ ಬೊಲಾರಂನಲ್ಲಿ ಹುಟ್ಟಿದ ಆರಾ ಸಣ್ಣ ವಯಸ್ಸಿನಲ್ಲೇ ಮನೆ ಬಿಟ್ಟು ಮುಂಬೈಗೆ ಬಂದರು. ಮನೆಗೆಲಸ ಮಾಡಿದರು, ಕಾರು ತೊಳೆದರು, ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೂ ಹೋಗಿಬಂದರು. ಚಿತ್ರ ಬಿಡಿಸುವುದು ಕೆಲಸ ಮುಗಿದ ಮೇಲೆ. ಕಲಾ ವಿಮರ್ಶಕ ರೂಡಿ ಫಾನ್ ಲೇಡನ್ ಅವರ ಕಣ್ಣಿಗೆ ಬೀಳದಿದ್ದರೆ ಆ ಚಿತ್ರಗಳು ಏನಾಗುತ್ತಿದ್ದವೋ! ಸ್ವಾತಂತ್ರ್ಯದ ದಿನದ ಮೆರವಣಿಗೆಯನ್ನು ಆರಾ ದೊಡ್ಡ ಕ್ಯಾನ್ವಾಸಿನ ಮೇಲೆ ಬರೆದರು. ಸೊಸೈಟಿಯ ಪ್ರದರ್ಶನಕ್ಕೆ ಅದು ಬೇಡವಾಯಿತು. ಗೆಳೆಯರು ಒಟ್ಟುಗೂಡಲು ಈ ತಿರಸ್ಕಾರವೇ ಕಿಡಿಯಾಯಿತು ಎಂದು ಕಲಾ ಇತಿಹಾಸ ಬರೆದವರು ಹೇಳುತ್ತಾರೆ. ಹೀಗೆ 1947ರಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಹುಟ್ಟಿತು.

ಆ ಆರು ಮಂದಿಯ ಬಯೋಡಾಟಾ ನೋಡಿ. ಸೋಜಾ ಅವರನ್ನು 1945ರಲ್ಲಿ ಜೆ.ಜೆ.ಯಿಂದ ಹೊರಹಾಕಲಾಗಿತ್ತು. ಹುಸೇನ್ ಸಿನಿಮಾ ಬೋರ್ಡು ಬರೆದವರು. ಗಾಡೆ ವಿಜ್ಞಾನ ಪದವೀಧರರು, ಅಂದರೆ ನಮ್ಮ ಪೈಕಿ ಅನ್ನಿ. ಕ್ರಮಬದ್ಧವಾಗಿ ಕಲಾಶಾಲೆಯಲ್ಲಿ ಓದಿದವರೆಂದರೆ ರಜಾ ಮತ್ತು ಶಿಲ್ಪಿ ಬಾಕ್ರೆ. ಆರನೆಯವರು ಆರಾ. 1949ರಲ್ಲಿ ಮುಲ್ಕ್ ರಾಜ್ ಆನಂದ್ ಇವರ ಮೊದಲ ಪ್ರದರ್ಶನವನ್ನು ಉದ್ಘಾಟಿಸಿದರು. ಎಲ್ಲಿ ಅಂತೀರಿ? ರ‍್ಯಾಂಪಾರ್ಟ್ ರೋನಲ್ಲಿದ್ದ ಅದೇ ಬಾಂಬೆ ಆರ್ಟ್ ಸೊಸೈಟಿಯ ಸಲೋನ್‌ನಲ್ಲಿ!

ಮೂರು ವರ್ಷದ ನಂತರ, ಜಹಾಂಗೀರ್ ಗ್ಯಾಲರಿ ತೆರೆದ ಅದೇ 1952ರಲ್ಲಿ, 'ಟೂ ಜಗ್ಸ್' ಚಿತ್ರಕ್ಕೆ ಸೊಸೈಟಿ ಆರಾ ಅವರಿಗೆ ಚಿನ್ನದ ಪದಕ ಕೊಟ್ಟಿತು. ಮುಂದೆ ಅವರು ಅದರ ಆಡಳಿತ ಸಮಿತಿಗೆ ಬಂದರು. ಲಲಿತ ಕಲಾ ಅಕಾಡೆಮಿಯ ಆಯ್ಕೆ ಸಮಿತಿಯಲ್ಲಿ ಕೂತರು. ಆರ್ಟಿಸ್ಟ್ಸ್ ಸೆಂಟರ್‌ನ ಕಾರ್ಯದರ್ಶಿಯಾಗಿ ಎಳೆಯ ಕಲಾವಿದರ ಬೆನ್ನಿಗೆ ನಿಂತರು. ಬೇರೆಯವರ ಚಿತ್ರವನ್ನು ಬೇಡ ಎಂದು ಪಕ್ಕಕ್ಕಿಡುವಾಗ ಅವರಿಗೆ ಆ ಮೆರವಣಿಗೆಯ ಕ್ಯಾನ್ವಾಸು ನೆನಪಾಗುತ್ತಿತ್ತೇ? ಆರಾ 1985ರಲ್ಲಿ ತೀರಿಕೊಂಡರು.

ನನಗೆ ಇದೆಲ್ಲ ಯಾಕೆ ಚುಚ್ಚಿತೆಂದರೆ, ನಾನೂ ಆರಿಸುವವನೇ. ಹದಿಮೂರು ವರ್ಷಗಳಿಂದ ಕ್ಯಾಂಪಸ್ ಸಂದರ್ಶನಗಳಲ್ಲಿ ಮೇಜಿನ ಈಚೆ ಕೂರುತ್ತೇನೆ. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಅದಕ್ಕೂ ಮೊದಲೇ ಎಕ್ಸೆಲ್ ಹಾಳೆಯಲ್ಲಿ ಡಿಗ್ರಿ ಮತ್ತು ಶೇಕಡಾ 60ರ ಫಿಲ್ಟರ್ ಹಾಕಿರುತ್ತೇವೆ. ಅದರ ಕೆಳಗಿನವರ ಮುಖವನ್ನು ನಾನು ಒಮ್ಮೆಯೂ ನೋಡಿದ್ದಿಲ್ಲ. ಸಾವಿರಾರು ಅರ್ಜಿ ಬಂದರೆ ಏನು ಮಾಡಬೇಕು ಎಂದು ವಾದಿಸಬಹುದು. ನಾನೇ ಎಷ್ಟೋ ಸಲ ವಾದಿಸಿದ್ದೇನೆ. ಜಹಾಂಗೀರ್‌ನಲ್ಲೂ ಗೋಡೆ ಇರುವಷ್ಟೇ ಚಿತ್ರ ತೂಗುಹಾಕಬಹುದು.

ಆ ಹುಡುಗನ ಫೋನಿನಲ್ಲಿ ಅವನ ಚಿತ್ರವಿತ್ತು. ಕೇಳಿದ್ದಕ್ಕೆ ತೋರಿಸಿದ. ಎಸ್‌ಟಿ ಬಸ್‌ಸ್ಟ್ಯಾಂಡಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಮಲಗಿರುವ ಜನ. ಚೆನ್ನಾಗಿತ್ತೋ ಇಲ್ಲವೋ ಹೇಳುವ ತಿಳಿವಳಿಕೆ ನನಗಿಲ್ಲ. ತುಂಬ ಹೊತ್ತು ನೋಡಿದೆ ಅಷ್ಟೆ.

ಸೋಮವಾರ ಆಫೀಸಿಗೆ ಹೋದವನು ಈ ಸಲದ ಕ್ಯಾಂಪಸ್ ಪಟ್ಟಿಯಲ್ಲಿ ಫಿಲ್ಟರ್ ತೆಗೆದು ಕಳಿಸಿ ಎಂದು ಎಚ್‌ಆರ್‌ಗೆ ಮೇಲ್ ಹಾಕಿದೆ. "ಯಾಕೆ ಸರ್?" ಎಂದು ಉತ್ತರ ಬಂತು. ಇನ್ನೂ ಬರೆದಿಲ್ಲ.