ಟವರ್ ಕಾಣುತ್ತೆ, ಫೈಬರ್ ಎಲ್ಲಿದೆ? ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಒಂದು ನೆಟ್‌ವರ್ಕ್ ಪಾಠ

ಫೋನಿಗೊಂದು ತಂತಿ, ಟಿವಿಗೊಂದು ಕೇಬಲ್, ಮೊಬೈಲಿಗೊಂದು ಟವರ್. ಹಿಂದೆ ಈ ಮೂರೂ ಬೇರೆ ಬೇರೆ ಜಾಲ, ಬೇರೆ ಬೇರೆ ಬಿಲ್. ಈಗ ಕರೆ, ಸಿನಿಮಾ, ಆನ್‌ಲೈನ್ ಕ್ಲಾಸ್ ಎಲ್ಲವೂ ಡೇಟಾ ಪ್ಯಾಕೆಟ್‌ಗಳೇ. ಅವು ಮನೆಯ ಫೈಬರ್‌ನಿಂದ ಬರಲಿ, ಟವರ್‌ನಿಂದ ಬರಲಿ, ಬಳಸುವವರಿಗೆ ಒಂದೇ ಸೇವೆಯಾಗಿ ಸಿಗಬೇಕು. ಸ್ಥಿರ ಮತ್ತು ಮೊಬೈಲ್ ಜಾಲಗಳ ಒಗ್ಗೂಡಿಕೆ, ಅಂದರೆ ಕನ್ವರ್ಜೆನ್ಸ್ ಎಂದರೆ ಇದೇ.

ಇದನ್ನು ನಾನು ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ ನಿಂತು ವಿವರಿಸ್ತೇನೆ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆ ಬದಲಿಸೋಕೆ ಒಂದು ಅಧಿಸೂಚನೆ ಸಾಕು. ನೆಟ್‌ವರ್ಕ್ ಬದಲಿಸೋಕೆ ನೆಲ ಅಗೆಯಬೇಕು. ನಾನು ಹೇಳಹೊರಟಿರೋದೂ ಇದನ್ನೇ: ಒಗ್ಗೂಡಿಕೆಯ ತಂತ್ರಜ್ಞಾನ ಯಾವತ್ತೋ ಸಿದ್ಧವಾಗಿದೆ, ಹಳ್ಳಿಗಳಲ್ಲಿ ಕೊರತೆ ಇರೋದು ನೆಲದಡಿಯ ಫೈಬರ್‌ನದ್ದು.

ಒಂದೇ ಸೇವೆ, ಎರಡು ದಾರಿ

ಇದರ ಹೃದಯ ಐಎಂಎಸ್ ಎಂಬ ವ್ಯವಸ್ಥೆ. ಜಾಗತಿಕ ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಇದನ್ನು 2002ರಲ್ಲೇ ತನ್ನ ಮಾನದಂಡಕ್ಕೆ ಸೇರಿಸಿತ್ತು. ಇದನ್ನು ಬಸ್ ನಿಲ್ದಾಣದ ಕಂಟ್ರೋಲರ್ ಅಂದುಕೊಳ್ಳಿ. ಪ್ರಯಾಣಿಕರನ್ನು ಹೊತ್ತೊಯ್ಯುವುದು ಬಸ್ಸು, ಯಾವ ಬಸ್ಸು ಯಾವ ದಾರಿಗೆ ಅಂತ ಹೇಳೋರು ಕಂಟ್ರೋಲರ್. ಹಾಗೇ ನೀವು ಯಾರು, ಯಾವ ಸೇವೆಗೆ ಅರ್ಹರು, ನಿಮ್ಮ ಕರೆ ಎಲ್ಲಿಗೆ ಹೋಗಬೇಕು ಅನ್ನೋದನ್ನು ಐಎಂಎಸ್ ನೋಡಿಕೊಳ್ಳುತ್ತೆ. ದಾರಿ ಫೈಬರ್ ಆದರೂ ಸರಿ, 4ಜಿ ಆದರೂ ಸರಿ.

ಇದು ನಿಮ್ಮ ಜೇಬಿನಲ್ಲೇ ಇದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದಾಗ ವೋಲ್ಟಿ ಕರೆಗಳು ನಡೆದದ್ದು ಇದರ ಮೇಲೆಯೇ. 2019ರ ಡಿಸೆಂಬರ್‌ನಲ್ಲಿ ಏರ್‌ಟೆಲ್, ಮರುತಿಂಗಳು ಜಿಯೊ ವೈ-ಫೈ ಕರೆ ಶುರು ಮಾಡಿದವು. ಮನೆಯೊಳಗೆ ಸಿಗ್ನಲ್ ಇಲ್ಲದಿದ್ದರೂ ವೈ-ಫೈ ಇದ್ದರೆ ಅದೇ ನಂಬರ್‌ನಿಂದ ಮಾತಾಡಬಹುದು. ಮಾತಾಡುತ್ತಾ ಹೊರಗೆ ಬಂದರೆ ಕರೆ ಕಟ್ ಆಗದೆ ಟವರ್‌ಗೆ ದಾಟಿಕೊಳ್ಳುತ್ತೆ.

ಆದರೆ ಒಂದು ಷರತ್ತಿದೆ: ಮನೆಗೆ ವೈ-ಫೈ ತರುವ ತಂತಿ ಇರಬೇಕು. ಗುಡೇಕೋಟೆಯ ಬಂಡೆಗುಡ್ಡಗಳ ಮರೆಯಲ್ಲಿ ಸಿಗ್ನಲ್ ಸಿಗದ ಮನೆಗೆ ತಂತಿಯೂ ಇಲ್ಲದಿದ್ದರೆ, ಈ ಸೌಲಭ್ಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್, ಅಷ್ಟೆ.

ಟವರ್‌ನ ಹಿಂದೆ

ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ ನೆನಪಿಸಿಕೊಳ್ಳಿ. ಗೊರವಯ್ಯ ಬಿಲ್ಲೇರಿ ನುಡಿಯೋದು ಒಂದೇ ಸಾಲು. ಅದನ್ನು ವಿಡಿಯೊ ಮಾಡಿ ಆ ಕ್ಷಣದಲ್ಲೇ ಕಳಿಸಬೇಕು ಅನ್ನೋ ಕೈಗಳು ಮಾತ್ರ ಸಾವಿರಾರು. ಮೊಬೈಲ್ ಡೇಟಾದಲ್ಲಿ ಒಂದು ಟವರ್‌ನ ಸಾಮರ್ಥ್ಯವನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು. ಮೊದಲ ಇಕ್ಕಟ್ಟು ಅಲ್ಲಿ. ಎರಡನೆಯದು ಕಾಣದ್ದು: ಟವರ್‌ನಿಂದ ಆಚೆಗೆ ಡೇಟಾ ಹೋಗುವುದು ಫೈಬರ್ ಮೂಲಕವೋ, ಮೈಕ್ರೋವೇವ್ ಡಿಶ್ ಮೂಲಕವೋ? ಡಿಶ್‌ನ ಸಾಮರ್ಥ್ಯ ಫೈಬರ್‌ಗಿಂತ ಬಹಳ ಕಡಿಮೆ. ಫೋನಿನ ಮೂಲೆಯಲ್ಲಿ 5ಜಿ ಅಂತ ಬರೆದಿದ್ದರೂ ಹಿಂದಿನ ದಾರಿ ಕಿರಿದಾಗಿದ್ದರೆ ವಿಡಿಯೊ ಸುತ್ತುತ್ತಲೇ ಇರುತ್ತೆ.

2023ರಲ್ಲಿ ಬಂದ ಏರ್‌ಫೈಬರ್ ಸೇವೆಗಳನ್ನೂ ಹೀಗೇ ನೋಡಬೇಕು. ಹೆಸರಲ್ಲಿ ಫೈಬರ್ ಇದೆ, ಮನೆಗೆ ಬರೋದು ಗಾಳಿಯಲ್ಲಿ. ತಂತಿ ಎಳೆಯದ ಊರಿಗೆ ಅದು ಒಳ್ಳೆಯದೇ. ಆದರೆ ಮನೆಯ ಟಿವಿ ಹೊರೆಯೂ ಅದೇ ಟವರ್ ಮೇಲೆ ಬೀಳುತ್ತೆ.

ದುಡ್ಡು ನಮ್ಮದೇ

ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಅದೇ ಮುಂದೆ ಭಾರತ್‌ನೆಟ್ ಆಯಿತು. ಇದಕ್ಕೆ ಹಣ ಬರುವುದು ಈಗ ಡಿಜಿಟಲ್ ಭಾರತ್ ನಿಧಿ ಎಂದು ಕರೆಯುವ ನಿಧಿಯಿಂದ. ಟೆಲಿಕಾಂ ಕಂಪನಿಗಳು ತಮ್ಮ ಹೊಂದಾಣಿಕೆಯ ಒಟ್ಟು ಆದಾಯದಲ್ಲಿ ಶೇ 5ರಷ್ಟನ್ನು ಇದಕ್ಕೆ ಕೊಡಬೇಕು. ಅಂದರೆ ಕೊಟ್ಟೂರಿನ ಹುಡುಗಿ ರೀಚಾರ್ಜ್ ಮಾಡಿಸಿದಾಗಲೂ ಒಂದು ಪಾಲು ಅಲ್ಲಿಗೆ ಹೋಗುತ್ತೆ.

ಮೊದಲ ಹಂತದ ಜಾಲ ಮರದ ಕೊಂಬೆಗಳಂತಿತ್ತು. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಕಡೆ ಫೈಬರ್ ಕತ್ತರಿಸಿದರೆ ಅದರಾಚೆಯ ಪಂಚಾಯಿತಿಗಳೆಲ್ಲ ಕತ್ತಲೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕ ಪರಿಷ್ಕೃತ ಯೋಜನೆ ಇದನ್ನು ಉಂಗುರದ ರೂಪಕ್ಕೆ ತರುತ್ತೆ. ಒಂದು ಕಡೆ ತುಂಡಾದರೆ ಡೇಟಾ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತೆ. ವೆಚ್ಚ 1,39,579 ಕೋಟಿ ರೂಪಾಯಿ. 1.5 ಕೋಟಿ ಗ್ರಾಮೀಣ ಮನೆಗಳಿಗೆ ಫೈಬರ್ ಸಂಪರ್ಕದ ಗುರಿ.

ಕಾನೂನು ಇನ್ನೂ ಒಗ್ಗೂಡಿಲ್ಲ

ಊರಿನ ಕೇಬಲ್‌ನವರು ಟಿವಿ ಜೊತೆ ಇಂಟರ್ನೆಟ್ಟನ್ನೂ ಕೊಡಲು ಶುರು ಮಾಡಿದಾಗಲೇ ಒಗ್ಗೂಡಿಕೆ ನಮ್ಮ ಬೀದಿಗೆ ಬಂತು. ದೆಹಲಿಯಲ್ಲಿ ಮಾತ್ರ ಕೇಬಲ್ ಟಿವಿಗೆ 1995ರ ಕಾಯ್ದೆ ಮತ್ತು ಒಂದು ಸಚಿವಾಲಯ, ಟೆಲಿಕಾಂಗೆ 2023ರ ಕಾಯ್ದೆ ಮತ್ತು ಇನ್ನೊಂದು ಇಲಾಖೆ. ಎಲ್ಲವನ್ನೂ ಒಂದೇ ಕಾನೂನಿನಡಿ ತರುವ ಮಸೂದೆ 2001ರಲ್ಲಿ ಲೋಕಸಭೆಗೆ ಬಂದು, ಅಂಗೀಕಾರವಾಗದೆ ಬಿದ್ದುಹೋಯಿತು. 2023ರ ಜನವರಿಯಲ್ಲಿ ಟ್ರಾಯ್ ಅದೇ ಪ್ರಶ್ನೆಯನ್ನು ಮತ್ತೆ ಸಮಾಲೋಚನೆಗೆ ಇಟ್ಟಿತು.

ಏನು ಕೇಳಬೇಕು?

‘ನಮ್ಮೂರಿಗೆ ಟವರ್ ಕೊಡಿ’ ಅನ್ನೋ ಬೇಡಿಕೆ ಅರ್ಧ ಮಾತ್ರ. ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಪಂಚಾಯಿತಿ ಕಚೇರಿಗೆ ಬಂದ ಫೈಬರ್‌ನಲ್ಲಿ ಇವತ್ತು ಡೇಟಾ ಹರಿಯುತ್ತಿದೆಯಾ? ಅಲ್ಲಿಂದ ಶಾಲೆಗೆ, ಆರೋಗ್ಯ ಕೇಂದ್ರಕ್ಕೆ, ಊರಿನ ಟವರ್‌ಗೆ ಅದು ತಲುಪಿದೆಯಾ? ತುಂಡಾದರೆ ಎಷ್ಟು ದಿನದಲ್ಲಿ ಜೋಡಿಸಬೇಕು, ಯಾರು ಜೋಡಿಸಬೇಕು?

ಬೆಂಗಳೂರಿನಲ್ಲಿ ಮೊಬೈಲ್ ಕೈಕೊಟ್ಟರೆ ಮನೆಯ ಫೈಬರ್ ಇದೆ. ಕೂಡ್ಲಿಗಿಯ ಹಳ್ಳಿಯಲ್ಲಿ ಮೊಬೈಲ್ ಕೈಕೊಟ್ಟರೆ ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನಾಂಕವೇ ದಾಟಿಹೋಗಬಹುದು. ಎರಡನೇ ದಾರಿ ಇರೋರಿಗೆ ಮಾತ್ರ ಒಗ್ಗೂಡಿಕೆ ಅನುಕೂಲ. ಆ ಎರಡನೇ ದಾರಿಯನ್ನು ಹಕ್ಕಾಗಿ ಕೇಳೋದು ಈಗ ನಮ್ಮ ರಾಜಕೀಯದ ಕೆಲಸ.