ಕಂಪನಿಯ ತಂತಿ, ಗ್ರಾಹಕನ ಕಂಪ್ಯೂಟರು

ಹಳೆಯ ನಿಯಮಾವಳಿಗಳನ್ನು ಓದುವ ಚಟ ನನಗೆ ಮೊದಲಿನಿಂದಲೂ ಇದೆ. ಅಂದಿನವರ ಭಯ, ಲೋಭ ಎರಡೂ ಅವುಗಳಲ್ಲಿ ಒಟ್ಟಿಗೇ ಸಿಗುತ್ತವೆ. ಅಮೆರಿಕದ ಟೆಲಿಫೋನ್ ನಿಯಮಗಳಲ್ಲಂತೂ ಯಾವುದು ಭಯ, ಯಾವುದು ಲೋಭ ಎಂದು ಬಿಡಿಸಿ ಹೇಳುವುದೇ ಕಷ್ಟ.

ಅಲ್ಲಿ ಬಹುಕಾಲ ಎ.ಟಿ. ಅಂಡ್ ಟಿ. ಕಂಪನಿಯದೇ ರಾಜ್ಯಭಾರ. ತಂತಿ ಅದರದು, ಎಕ್ಸ್‌ಚೇಂಜ್ ಅದರದು, ಗ್ರಾಹಕನ ಮೇಜಿನ ಮೇಲಿದ್ದ ಫೋನೂ ಅದರದೇ. ಕಂಪನಿ ಕೊಡದ ಯಾವ ಉಪಕರಣವನ್ನೂ ಜೋಡಿಸುವಂತಿರಲಿಲ್ಲ. ‘ಹಶ್-ಎ-ಫೋನ್’ ಎಂಬುದೊಂದಿತ್ತು. ಮಾತು ಪಕ್ಕದವರ ಕಿವಿಗೆ ಬೀಳದಿರಲೆಂದು ಫೋನಿನ ಬಾಯಿಗೆ ಸಿಕ್ಕಿಸುವ ಬಟ್ಟಲು, ಅಷ್ಟೇ. ವಿದ್ಯುತ್ತಿನ ಸೋಂಕೂ ಅದಕ್ಕಿರಲಿಲ್ಲ. ಕಂಪನಿ ಅದನ್ನೂ ಬಿಡಲಿಲ್ಲ. ಕೈಯನ್ನೇ ಬೊಗಸೆ ಮಾಡಿ ಮಾತಾಡಬಹುದಾದರೆ ಬಟ್ಟಲೇಕೆ ಬೇಡ ಎಂದು 1956ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವೇ ಕೇಳಬೇಕಾಯಿತು! ಫೋನಿಗೂ ವೈರ್‌ಲೆಸ್ಸಿಗೂ ಗಂಟು ಹಾಕುವ ‘ಕಾರ್ಟರ್‌ಫೋನ್’ ಮಾಡಿದ ಟೆಕ್ಸಾಸಿನ ಟಾಮ್ ಕಾರ್ಟರ್ 1968ರಲ್ಲಿ ಕೇಂದ್ರ ಸಂಪರ್ಕ ಆಯೋಗದ ಮುಂದೆ ಗೆದ್ದರು. ಆಗ ಕಂಪನಿ ದಾರಿ ಬದಲಿಸಿತು: ಜೋಡಿಸಿ, ಆದರೆ ನಡುವೆ ನಮ್ಮದೇ ರಕ್ಷಣಾ ಪೆಟ್ಟಿಗೆ ಇರಲಿ, ಅದಕ್ಕೆ ತಿಂಗಳ ಬಾಡಿಗೆ ಕೊಡಿ.

ಕಂಪ್ಯೂಟರಿನವರು ಈ ಕಾಟಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು. ಮೋಡೆಮ್ಮಿನ ಎರಡು ರಬ್ಬರ್ ಬಟ್ಟಲುಗಳಲ್ಲಿ ಫೋನಿನ ಹಿಡಿಯನ್ನು ಮಲಗಿಸಿ, ಅಂಕಿಅಂಶಗಳನ್ನು ಸಿಳ್ಳೆಯಾಗಿ ಕೂಗಿಸಿದರು. ಸೆಕೆಂಡಿಗೆ 300 ಬಿಟ್ಟುಗಳ ಆಮೆನಡಿಗೆ. ತಂತಿಗೆ ತಂತಿ ಮಾತ್ರ ತಾಗಿರಲಿಲ್ಲ. ಕೆಲಸ ಮುಗಿದರೆ ಹಿಡಿಯನ್ನು ಎತ್ತಿಟ್ಟರಾಯಿತು, ಕಳಚುವ ಗೊಡವೆಯೇ ಇಲ್ಲ.

ಹಾಗೆಂದು ಕಂಪನಿ ಹೇಳಿದ್ದೆಲ್ಲ ನೆಪವೆಂದು ನಾನು ಒಪ್ಪಲಾರೆ. ಯಾರದೋ ಮನೆಯ ಕೆಟ್ಟ ಯಂತ್ರದಿಂದ ಮನೆಬಳಕೆಯ ವಿದ್ಯುತ್ತು ಫೋನ್ ತಂತಿಗೆ ಹರಿದರೆ, ಅತ್ತ ಕಂಬದ ಮೇಲಿರುವ ಲೈನ್‌ಮನ್ ಗತಿ? 1975ರಲ್ಲಿ ಆಯೋಗ ರೂಪಿಸಿದ, ಮೊಕದ್ದಮೆಗಳನ್ನು ದಾಟಿ 1977ರಲ್ಲಿ ನೆಲೆಯೂರಿದ ನೋಂದಣಿ ನಿಯಮ ಈ ಭಯವನ್ನು ಉಳಿಸಿಕೊಂಡು ಲೋಭವನ್ನು ಸೋಸಿತು. ಪರೀಕ್ಷೆಯಾಗಿ ನೋಂದಣಿ ಪಡೆದ ಸಾಧನ ಯಾರದಾದರೂ ಸರಿ, ಗೋಡೆಯ ಜ್ಯಾಕಿಗೆ ನೇರ ಸಿಕ್ಕಿಸಬಹುದು. ಅದರಿಂದ ಜಾಲಕ್ಕೆ ಹಾನಿಯಾದರೆ ಕಂಪನಿ ಸಂಪರ್ಕವನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು; ಆದರೆ ಗ್ರಾಹಕನಿಗೆ ತಿಳಿಸಬೇಕು, ಸರಿಪಡಿಸಲು ಅವಕಾಶ ಕೊಡಬೇಕು, ದೂರುವ ಹಕ್ಕಿದೆಯೆಂದೂ ಹೇಳಬೇಕು. ಈ ಕೊನೆಯ ಮಾತು ಬರೆದ ಗುಮಾಸ್ತ ಯಾರೋ, ಅವನಿಗೊಂದು ನಮಸ್ಕಾರ.

ಸಾಧನವನ್ನು ಶಾಶ್ವತವಾಗಿ ಕಳಚಿದಾಗಲೂ ಕಂಪನಿಗೆ ತಿಳಿಸಬೇಕೆಂದು ಅದರಲ್ಲಿತ್ತು. ಕಳಚುವ ಕೈ ಅರಿತಿರಬೇಕಾದ್ದು ಬೇರೆ. ಕಂಪ್ಯೂಟರ್ ಆರಿಸಿದರೆ ಫೋನ್ ತಂತಿ ಆರುವುದಿಲ್ಲ. ಅದಕ್ಕೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಸುಮಾರು 48 ವೋಲ್ಟು ಬರುತ್ತಲೇ ಇರುತ್ತದೆ. ಆ ಹೊತ್ತಿಗೇ ಗಂಟೆ ಬಾರಿಸಿತೋ, 90 ವೋಲ್ಟಿನಷ್ಟು ಎ.ಸಿ. ಬೆರಳಿಗೆ ಚುರುಕು ಮುಟ್ಟಿಸುತ್ತದೆ. ಆದ್ದರಿಂದ ಪೆಟ್ಟಿಗೆ ಬಿಚ್ಚುವ ಮುನ್ನ ವಿದ್ಯುತ್ ಪ್ಲಗ್ಗಿನ ಜೊತೆಗೆ ಗೋಡೆಯಲ್ಲಿನ ಫೋನ್ ಪಿನ್ನನ್ನೂ ಎಳೆಯಬೇಕು. ಗುಡುಗು ಶುರುವಾದ ಮೇಲಂತೂ ಎರಡನ್ನೂ ಮುಟ್ಟಬಾರದು. ಮೋಡ ಕವಿಯುವಾಗಲೇ ಕಳಚಿಟ್ಟಿರಬೇಕು.