ಎರಡು ಎತ್ತು, ಎರಡು ಚೀಟಿ

ಭಾಲ್ಕಿಯ ನಮ್ಮ ಮನೆಯಲ್ಲಿ ಚುನಾವಣೆಯ ಮಾತು ಬಂದಾಗಲೆಲ್ಲ ಅವ್ವನ ಮೊದಲ ಮತದಾನದ ಪ್ರಸಂಗ ಬಂದೇ ಬರುತ್ತಿತ್ತು. 1957ರಲ್ಲಿ ಲೋಕಸಭೆಗೆಂದು ಆಕೆಯ ಕೈಗೆ ಎರಡು ಚೀಟಿ ಕೊಟ್ಟಿದ್ದರಂತೆ. ಆಗ ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಬೇಕಾದವರ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರುವುದು. ಅವ್ವ ಜೋಡೆತ್ತಿನ ಒಂದೇ ಪೆಟ್ಟಿಗೆಗೆ ಎರಡನ್ನೂ ಹಾಕಿ ಬಂದಳು. "ಎತ್ತು ಎರಡಿದ್ವಲ್ಲ, ಒಂದೊಂದಕ್ಕ ಒಂದೊಂದು" ಎಂಬುದು ಆಕೆಯ ಸಮಜಾಯಿಷಿ. ಒಬ್ಬ ಅಭ್ಯರ್ಥಿಗೆ ಒಂದೇ ಮತ ಎಂಬುದು ನಿಯಮ. ಆದ್ದರಿಂದ ಒಂದು ಚೀಟಿ ವ್ಯರ್ಥವಾಗಿರಬೇಕು.

ಎರಡು ಚೀಟಿ ಏಕೆ? 1952ರಲ್ಲಿ ನಾವು ಹೈದರಾಬಾದ್ ರಾಜ್ಯದವರು. ಬೀದರಿಗೆ ತನ್ನದೇ ಲೋಕಸಭಾ ಕ್ಷೇತ್ರವಿತ್ತು. ಶೌಕತುಲ್ಲಾ ಅನ್ಸಾರಿ ಅಲ್ಲಿಂದ ಆರಿಸಿ ಬಂದಿದ್ದರು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1957ರಲ್ಲಿ ಆ ಹೆಸರಿನ ಕ್ಷೇತ್ರ ಉಳಿಯಲಿಲ್ಲ. ನಾವು ಗುಲ್ಬರ್ಗಾ ದ್ವಿಸದಸ್ಯ ಕ್ಷೇತ್ರದ ಮತದಾರರಾದೆವು. ಒಂದು ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲು, ಇನ್ನೊಂದು ಎಲ್ಲರಿಗೂ ತೆರೆದದ್ದು. ಮಹಾದೇವಪ್ಪ ರಾಂಪುರೆ ಮತ್ತು ಶಂಕರದೇವ ಇಬ್ಬರೂ ಗೆದ್ದರು.

ಎಣಿಕೆಯ ಕ್ರಮ ಸ್ವಾರಸ್ಯವಾದದ್ದು. ಪರಿಶಿಷ್ಟ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರಿಗೆ ಮೊದಲು ಮೀಸಲು ಸ್ಥಾನ. ಉಳಿದವರೆಲ್ಲರಲ್ಲಿ ಮುಂದಿರುವವರಿಗೆ, ಅವರು ಯಾವ ಜಾತಿಯವರೇ ಆಗಲಿ, ಎರಡನೆಯ ಸ್ಥಾನ. ಅದೇ ವರ್ಷ ಆಂಧ್ರದ ಪಾರ್ವತೀಪುರಂನಲ್ಲಿ ಎರಡೂ ಸ್ಥಾನ ಪರಿಶಿಷ್ಟ ಪಂಗಡದವರಿಗೇ ಸಂದವು, ವಿ. ವಿ. ಗಿರಿ ಸೋತರು. ಸರ್ವೋಚ್ಚ ನ್ಯಾಯಾಲಯ 1959ರಲ್ಲಿ ಆ ಫಲಿತಾಂಶವನ್ನು ಎತ್ತಿಹಿಡಿಯಿತು. (ಈ ಗಿರಿಯವರೇ 1965ರಲ್ಲಿ ನಮ್ಮ ಮೈಸೂರಿನ ರಾಜ್ಯಪಾಲರಾದರು.) 1961ರ ಕಾನೂನು ದೇಶದ ಎಲ್ಲ ದ್ವಿಸದಸ್ಯ ಕ್ಷೇತ್ರಗಳನ್ನು ರದ್ದುಮಾಡಿತು.

1962ರಲ್ಲಿ ಬೀದರ ಮತ್ತೆ ಪ್ರತ್ಯೇಕ ಕ್ಷೇತ್ರವಾಯಿತು, ಆದರೆ ಪರಿಶಿಷ್ಟ ಜಾತಿಗೆ ಮೀಸಲಾಗಿ. ರಾಮಚಂದ್ರ ವೀರಪ್ಪನವರು ಆಗ ಗೆದ್ದರು. 2004ರಲ್ಲಿ ಸಂಸದರಾಗಿದ್ದಾಗಲೇ ತೀರಿಕೊಂಡರು.

ಔರಾದಿನಲ್ಲಿ ನಾನು ಪಾಠ ಹೇಳುತ್ತಿದ್ದಾಗ ಪೌರನೀತಿಯ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು, "ಸರ್, ಇದು ಅವರ ಕ್ಷೇತ್ರ, ನಮ್ಮದಲ್ಲ" ಎಂದ. ಹಿಂದಿನ ಬೆಂಚಿನಲ್ಲಿದ್ದ ಇಬ್ಬರು ತಲೆ ತಗ್ಗಿಸಿದರು. ನಾನು ಪುಸ್ತಕದ ಮುಂದಿನ ಸಾಲನ್ನು ಓದಿಬಿಟ್ಟೆ. ಅಂದು ಹೇಳಬೇಕಾಗಿದ್ದದ್ದು ಇಷ್ಟು: 1932ರ ಪುಣೆ ಒಪ್ಪಂದದಲ್ಲಿ ಪ್ರತ್ಯೇಕ ಮತದಾರರ ಪಟ್ಟಿಯ ಬೇಡಿಕೆಯನ್ನು ಅಂಬೇಡ್ಕರರು ಬಿಟ್ಟುಕೊಟ್ಟರು. ಅಂದಿನಿಂದ ಮೀಸಲಿರುವುದು ಅಭ್ಯರ್ಥಿಯ ಸ್ಥಾನ ಮಾತ್ರ; ಮತ ಹಾಕುವವರು ಎಲ್ಲರೂ, ಗೆದ್ದವರು ಎಲ್ಲರ ಪ್ರತಿನಿಧಿ. ಆ ತರಗತಿಯವರು ಇದನ್ನು ಓದುತ್ತಿದ್ದರೆ, ತಡವಾಗಿಯಾದರೂ ಉತ್ತರ ತಲುಪಲಿ. 2008ರಿಂದ ಔರಾದ ವಿಧಾನಸಭಾ ಕ್ಷೇತ್ರವೇ ಮೀಸಲಾಗಿದೆ. 2009ರಿಂದ ಬೀದರ ಲೋಕಸಭೆ ಸಾಮಾನ್ಯ.

ನಾವು ಶಿಕ್ಷಕರು ಇನ್ನೊಂದು ಬಗೆಯ ಮತವನ್ನೂ ಕಂಡವರು. ವಿಧಾನ ಪರಿಷತ್ತಿನ ಈಶಾನ್ಯ ಶಿಕ್ಷಕರ ಕ್ಷೇತ್ರದಲ್ಲಿ ಹೆಸರುಗಳ ಮುಂದೆ 1, 2, 3 ಎಂದು ಬರೆಯಬೇಕು. ಸಿಂಧುವಾದ ಮತ ಸಾವಿರವಿದ್ದರೆ ಗೆಲ್ಲಲು 501 ಬೇಕು. ಯಾರಿಗೂ ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಚೀಟಿಗಳನ್ನು ಎರಡನೆಯ ಆಯ್ಕೆಗೆ ಹಂಚುತ್ತಾರೆ. ಮಕ್ಕಳ ಉತ್ತರಪತ್ರಿಕೆ ತಿದ್ದುವವರೇ ಇಲ್ಲಿ ಅಂಕಿಯ ಬದಲು ಸರಿ ಗುರುತು ಹಾಕಿ ಮತ ಕೆಡಿಸುವುದುಂಟು!

ಹಲವು ಮತಗಳ ಪದ್ಧತಿ ಪೂರ್ತಿ ಹೋಗಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಒಂದು ಕ್ಷೇತ್ರಕ್ಕೆ ಎಷ್ಟು ಸದಸ್ಯರೋ ಅಷ್ಟು ಮತ. 2020ರ ಡಿಸೆಂಬರಿನಲ್ಲಿ ರಾಜ್ಯದ ಬೇರೆಡೆಯೆಲ್ಲ ಮತಪತ್ರ. ಬೀದರ ಜಿಲ್ಲೆಯಲ್ಲಿ ಮಾತ್ರ ಮತಯಂತ್ರ. ಔರಾದ ಕಡೆಯ ಹಳ್ಳಿಯಿಂದ ನನ್ನ ತಂಗಿ ಹಿಂದಿನ ರಾತ್ರಿ ಫೋನು ಮಾಡಿ ಕೇಳಿದಳು: "ಅಣ್ಣಾ, ಮೂರು ಸಲ ಒತ್ತಬೇಕಂತ. ಒಬ್ಬಾಂವಗೇ ಮೂರೂ ಒತ್ತಿದ್ರ ನಡೀತದೇನು?" ನನಗೆ ಅವ್ವನ ಜೋಡೆತ್ತು ನೆನಪಾಗಿ ನಗು ಬಂತು.